ಹುಡುಕಿದರೆ ಸಿಗಬೇಕು ಬಸವನಗುಡಿ

ಕಾರ್ತಿಕ ಮಾಸದ ಕಡೆಯ ಸೋಮವಾರ ಹತ್ತಿರ ಬಂತೆಂದರೆ ಬಸವನಗುಡಿಯ ಬುಲ್ ಟೆಂಪಲ್ ರಸ್ತೆಯ ಇಕ್ಕೆಲಗಳಲ್ಲೂ ಕಡಲೆಕಾಯಿ ರಾಶಿ ಬೀಳುತ್ತದೆ. ಹಸಿಯದಕ್ಕೊಂದು ಗುಡ್ಡೆ, ಹುರಿದದ್ದಕ್ಕೊಂದು, ಬೇಯಿಸಿದ್ದಕ್ಕೊಂದು. ಅದೇ ದಿನಗಳಲ್ಲಿ ಯಲಹಂಕದಲ್ಲೋ ಕೆಂಗೇರಿಯಲ್ಲೋ ಕುಳಿತವರೊಬ್ಬರು ಮೊಬೈಲ್ ತೆಗೆದು "ಕಡಲೆಕಾಯಿ ಪರಿಷೆ ಯಾವಾಗ" ಎಂದು ಟೈಪ್ ಮಾಡುತ್ತಾರೆ. ಅವರ ಮನೆಯ ಅಜ್ಜಿ ಟೈಪ್ ಮಾಡುವ ಗೋಜಿಗೆ ಹೋಗದೆ ಮೈಕ್ ಗುರುತು ಒತ್ತಿ ಕೇಳಿಯೇಬಿಡುತ್ತಾರೆ.

ಪರಿಷೆಯ ಬಗ್ಗೆ ಹಿಂದಿನ ವಾರವೇ ಒಂದು ಸೊಗಸಾದ ಬರಹ ಅಂತರಜಾಲದಲ್ಲಿ ಬಂದಿದೆ ಎಂದುಕೊಳ್ಳೋಣ. ಶೀರ್ಷಿಕೆ "ಬಡವರ ಬಾದಾಮಿಯ ಸಂಭ್ರಮ". ಮೊದಲ ಪ್ಯಾರಾದಲ್ಲಿ ಚಳಿ, ಮಂಜು, ಮಣ್ಣಿನ ವಾಸನೆ. ಎರಡನೆಯದರಲ್ಲಿ ಬಾಲ್ಯದ ನೆನಪು. ದಿನಾಂಕ ಚಿತ್ರದೊಳಗೆ ಅಚ್ಚಾಗಿದೆ. "ಕಡಲೆಕಾಯಿ ಪರಿಷೆ" ಎಂಬ ಎರಡು ಪದಗಳು ಜೊತೆಯಾಗಿ ಇಡೀ ಬರಹದಲ್ಲಿ ಎಲ್ಲೂ ಇಲ್ಲ. ಓದಿದ ಮನುಷ್ಯನಿಗೆ ಇದು ಪರಿಷೆಯ ವಿಷಯ ಎಂದು ತಿಳಿಯುತ್ತದೆ. ಆದರೆ ಹುಡುಕಿದವರಿಗೆ ಅದು ಸಿಗುವ ಸಾಧ್ಯತೆ ತೀರ ಕಡಿಮೆ. ಅವರು ಕೇಳಿದ ಮಾತು ಅಲ್ಲಿಲ್ಲ.

ಹುಡುಕುವವರು ಬಳಸುವ ಈ ಮಾತಿಗೇ ಕೀವರ್ಡ್ ಎನ್ನುತ್ತಾರೆ. ಕನ್ನಡದಲ್ಲಿ ಹುಡುಕುಪದ ಎನ್ನಬಹುದು. ಹುಡುಕಿದವರಿಗೆ ಪುಟ ಸಿಗುವಂತೆ ಮಾಡುವ ಎಸ್‌ಇಒ ಎಂಬ ಮೂರಕ್ಷರದ ವಿದ್ಯೆ ಇಂದು ದೊಡ್ಡ ಉದ್ಯೋಗವಾಗಿದೆ. ಅದರ ತರಬೇತಿ, ಪುಸ್ತಕ, ವಿಡಿಯೋಗಳೆಲ್ಲ ಬಹುಪಾಲು ಇಂಗ್ಲಿಷ್ ಭಾಷೆಯನ್ನೇ ಎದುರಿಗಿಟ್ಟುಕೊಂಡು ಸಿದ್ಧವಾದವು. ಕನ್ನಡದಲ್ಲಿ ಬರೆಯುವವರ ತೊಡಕುಗಳು ಬೇರೆ, ಪರಿಹಾರಗಳೂ ಬೇರೆ. ಅಚ್ಚರಿಯೆಂದರೆ, ಈ ವಿದ್ಯೆಯ ತಾಯಿಬೇರಿನ ಒಂದು ಕವಲು ನಮ್ಮ ಮಲ್ಲೇಶ್ವರದಲ್ಲೇ ಇದೆ.

1960ರ ದಶಕದ ಗ್ರಂಥಾಲಯ ಶಾಸ್ತ್ರದ ಇಂಗ್ಲಿಷ್ ಪ್ರಕಟಣೆಗಳನ್ನು ತಿರುವಿದರೆ ಒಂದು ವಿಳಾಸ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ: 11ನೇ ಅಡ್ಡರಸ್ತೆ, ಮಲ್ಲೇಶ್ವರಂ, ಬೆಂಗಳೂರು 3. ಡಿಆರ್‌ಟಿಸಿ ಎಂದೇ ಹೆಸರಾದ ಡಾಕ್ಯುಮೆಂಟೇಷನ್ ರಿಸರ್ಚ್ ಅಂಡ್ ಟ್ರೈನಿಂಗ್ ಸೆಂಟರ್‌ನ ವಿಳಾಸವದು. ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಅಂಗವಾಗಿ 1962ರಲ್ಲಿ ಅದನ್ನು ಕಟ್ಟಿದವರು ಎಸ್. ಆರ್. ರಂಗನಾಥನ್. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಂದು ಹೆಸರಾದ ಅವರು ಹುಟ್ಟಿದ್ದು 1892ರಲ್ಲಿ, ತಮಿಳುನಾಡಿನ ಶೀರ್ಕಾಳಿಯಲ್ಲಿ. ಮದರಾಸಿನಲ್ಲಿ ಗಣಿತದ ಮೇಷ್ಟರಾಗಿದ್ದವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ತರಬೇತಿಗೆಂದು ಲಂಡನ್ನಿಗೆ ಹೋದಾಗ ಅಲ್ಲಿನ ಅಂಗಡಿಯೊಂದರಲ್ಲಿ ಮೆಕ್ಯಾನೊ ಆಟಿಕೆ ಕಂಡರು. ಅವೇ ಪಟ್ಟಿ, ಅವೇ ತಿರುಪು, ಜೋಡಿಸಿದಂತೆಲ್ಲ ಬೇರೆ ಬೇರೆ ಗಾಡಿ. ಪುಸ್ತಕದ ವಿಷಯವನ್ನೂ ಹೀಗೆಯೇ ಬಿಡಿ ಭಾಗಗಳಾಗಿ ಒಡೆದು ಜೋಡಿಸಬಹುದಲ್ಲ ಎಂದು ಅವರಿಗೆ ಹೊಳೆಯಿತು. 1933ರಲ್ಲಿ ಪ್ರಕಟವಾದ ಕೋಲನ್ ವರ್ಗೀಕರಣದ ಮೂಲ ಅದು. 1957ರಲ್ಲಿ ಅವರು ಬೆಂಗಳೂರಿಗೆ ಬಂದು ನೆಲೆಸಿದರು. 1972ರ ಸೆಪ್ಟೆಂಬರ್ 27ರಂದು ತೀರಿಕೊಂಡದ್ದೂ ಇಲ್ಲೇ.

ರಂಗನಾಥನ್ ಪ್ರತಿ ವಿಷಯಕ್ಕೂ ಐದು ಪ್ರಶ್ನೆ ಹಾಕುತ್ತಿದ್ದರು. ಮುಖ್ಯವಾಗಿ ಯಾವುದರ ಬಗ್ಗೆ? ಅದು ಎಂಥ ದ್ರವ್ಯದ್ದು? ಅದಕ್ಕೆ ಏನಾಗುತ್ತಿದೆ, ಅಥವಾ ಅದರ ಮೇಲೆ ಯಾವ ಕ್ರಿಯೆ ನಡೆಯುತ್ತಿದೆ? ಎಲ್ಲಿ? ಯಾವಾಗ? ಮನೆಯಲ್ಲಿ ಪೂಜೆಗೆ ಕುಳಿತು ಸಂಕಲ್ಪ ಕೇಳಿಸಿಕೊಂಡವರಿಗೆ ಈ ಜೋಡಣೆ ಅಪರಿಚಿತವೇನಲ್ಲ. ಅಲ್ಲಿಯೂ ದೊಡ್ಡ ಕಾಲದಿಂದ ಸಂವತ್ಸರಕ್ಕೆ, ಋತುವಿಗೆ, ಮಾಸಕ್ಕೆ, ತಿಥಿಗೆ, ದೊಡ್ಡ ದೇಶದಿಂದ ನದಿಯ ದಡಕ್ಕೆ ಇಳಿದು, ಆಮೇಲೆ ಯಾರು, ಏನನ್ನು, ಯಾಕೆ ಮಾಡುತ್ತಿದ್ದಾರೆ ಎಂಬುದು ಬರುತ್ತದೆ.

ರಂಗನಾಥನ್ ರೂಪಿಸಿದ ಸರಪಳಿ ಸೂಚಿಯ ಕ್ರಮ ಇನ್ನೂ ಸ್ವಾರಸ್ಯಕರ. ಮೈಸೂರು ಸೀಮೆಯ ರಾಗಿ ಬೆಳೆಯ ರೋಗದ ಬಗ್ಗೆ ಒಂದು ಪುಸ್ತಕವಿದೆ ಎನ್ನಿ. ಸರಪಳಿಯ ಒಂದೊಂದು ಕೊಂಡಿಗೂ ಒಂದೊಂದು ಸೂಚಿ ಸಿದ್ಧವಾಗುತ್ತದೆ: "ಮೈಸೂರು, ರೋಗ, ರಾಗಿ, ಕೃಷಿ" ಎಂದೊಂದು. "ರೋಗ, ರಾಗಿ, ಕೃಷಿ" ಎಂದು ಇನ್ನೊಂದು. "ರಾಗಿ, ಕೃಷಿ" ಮತ್ತೊಂದು. ಓದುಗ ಯಾವ ಪದ ಹಿಡಿದು ಬಂದರೂ ಅವನನ್ನು ಸರಿಯಾದ ಕಪಾಟಿಗೆ ಮುಟ್ಟಿಸುವುದೇ ಉದ್ದೇಶ. ಓದುಗನ ಸಮಯ ಉಳಿಸಬೇಕು ಎಂಬುದು ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಒಂದು. ಇಂದಿನ ಕೀವರ್ಡ್ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಬುನಾದಿ ಬೇರೆ ಬೇಕಿಲ್ಲ. ಪುಟ ಬರೆಯುವವರು ತಮ್ಮ ವಿಷಯಕ್ಕೆ ಅದೇ ಪ್ರಶ್ನೆಗಳನ್ನು ಹಾಕಿದರೆ ಹುಡುಕುಪದಗಳು ತಾವಾಗಿಯೇ ಸಾಲುಗಟ್ಟುತ್ತವೆ: ಕಡಲೆಕಾಯಿ ಪರಿಷೆ, ಬಸವನಗುಡಿ, ಬೆಂಗಳೂರು, ಕಾರ್ತಿಕ ಸೋಮವಾರ, ಇಂಥ ಇಸವಿ. ಇದರಲ್ಲಿ "ಎಲ್ಲಿ" ಎಂಬುದನ್ನು ಬಿಡುವಂತೆಯೇ ಇಲ್ಲ. ಕೆಲವು ವರ್ಷಗಳಿಂದ ಮಲ್ಲೇಶ್ವರದಲ್ಲೂ, ಕಾಡು ಮಲ್ಲೇಶ್ವರ ದೇವಸ್ಥಾನದ ಬಳಿ, ಕಡಲೆಕಾಯಿ ಪರಿಷೆ ನಡೆಯುತ್ತಿದೆ. ಊರ ಹೆಸರಿಲ್ಲದ ಪುಟ ನೋಡಿಕೊಂಡು ಹೊರಟವರು ತಪ್ಪು ಬಡಾವಣೆಗೆ ಹೋಗಿ ನಿಲ್ಲಬೇಕಾಗುತ್ತದೆ.

ಹುಡುಕುಯಂತ್ರದ ಒಳಗೆ ಏನಾಗುತ್ತದೆ? ಪುಸ್ತಕದ ಕೊನೆಯ ಪದಸೂಚಿಯನ್ನು ನೆನೆಸಿಕೊಂಡರೆ ಸಾಕು. ಪದ, ಅದರ ಮುಂದೆ ಪುಟಸಂಖ್ಯೆ. ಗೂಗಲ್‌ನಂಥ ಯಂತ್ರ ಜಾಲತಾಣಗಳನ್ನು ಸುತ್ತಿ ಓದಿ, ಯಾವ ಪದ ಯಾವ ಯಾವ ಪುಟದಲ್ಲಿದೆ ಎಂಬ ಬೃಹತ್ ಸೂಚಿಯನ್ನು ಮೊದಲೇ ಸಿದ್ಧಮಾಡಿ ಇಟ್ಟುಕೊಂಡಿರುತ್ತದೆ. ನಾವು ಕೇಳಿದಾಗ ಅದು ಜಗತ್ತನ್ನೆಲ್ಲ ಹುಡುಕಲು ಹೊರಡುವುದಿಲ್ಲ, ಆ ಸೂಚಿಯನ್ನು ತೆರೆಯುತ್ತದೆ. ಸಿಕ್ಕ ಸಾವಿರಾರು ಪುಟಗಳಲ್ಲಿ ಮೇಲೆ ಯಾವುದು, ಕೆಳಗೆ ಯಾವುದು ಎಂದು ತೀರ್ಮಾನಿಸುವುದು ಆಮೇಲಿನ ಕೆಲಸ.

ಆ ತೀರ್ಮಾನದ ಮೊದಲ ಗಟ್ಟಿ ಸೂತ್ರಗಳಲ್ಲೊಂದನ್ನು ಕೊಟ್ಟವರು ಇಂಗ್ಲೆಂಡಿನ ಕರೆನ್ ಸ್ಪಾರ್ಕ್ ಜೋನ್ಸ್. ವರ್ಷ 1972, ರಂಗನಾಥನ್ ಕಣ್ಮುಚ್ಚಿದ ವರ್ಷವೇ. ಕರೆನ್ ಹೇಳಿದ್ದು ಸರಳವಾದ ಮಾತು: ಎಲ್ಲೆಲ್ಲೂ ಇರುವ ಪದಕ್ಕೆ ತೂಕ ಕಡಿಮೆ, ಅಪರೂಪದ ಪದಕ್ಕೆ ತೂಕ ಹೆಚ್ಚು. ಲೆಕ್ಕಕ್ಕಾಗಿ ಬೆಂಗಳೂರಿನ ತಿಂಡಿಯ ಬಗ್ಗೆ 1,000 ಪುಟಗಳಿವೆ ಎಂದು ಭಾವಿಸೋಣ. "ದೋಸೆ" ಎಂಬ ಪದ ಅವುಗಳಲ್ಲಿ 500 ಪುಟಗಳಲ್ಲಿದೆ. "ಖಾಲಿ ದೋಸೆ" 10 ಪುಟಗಳಲ್ಲಿ ಮಾತ್ರ. ಎರಡರ ಆಧಾರದ ಲಾಗರಿತಮ್‌ನಲ್ಲಿ ಮೊದಲನೆಯದರ ತೂಕ 1, ಎರಡನೆಯದರದು 6.6ಕ್ಕಿಂತ ಹೆಚ್ಚು. "ಬೆಂಗಳೂರಿನ ಅತ್ಯುತ್ತಮ ದೋಸೆ" ಎಂದು ಬರೆದ ಪುಟ ನೂರಾರು ಜನರ ನಡುವೆ ನೂಕುನುಗ್ಗಲಿನಲ್ಲಿ ನಿಂತಂತೆ. "ಗಾಂಧಿ ಬಜಾರಿನಲ್ಲಿ ಬೆಳಿಗ್ಗೆ ಖಾಲಿ ದೋಸೆ ಎಲ್ಲಿ ಸಿಗುತ್ತದೆ" ಎಂಬುದಕ್ಕೆ ನೇರ ಉತ್ತರ ಕೊಡುವ ಪುಟಕ್ಕೆ ಸ್ಪರ್ಧಿಗಳೇ ಕಡಿಮೆ. ಕೇಳಿದವರು ಕೂಡ ತಿನ್ನಲು ಹೊರಟು ನಿಂತವರು. ಸಣ್ಣ ವ್ಯಾಪಾರಿಗೆ, ಬಡಾವಣೆಯ ಇತಿಹಾಸ ಬರೆಯುವವರಿಗೆ ಇದಕ್ಕಿಂತ ದೊಡ್ಡ ಆಸರೆ ಇಲ್ಲ. ಅವರ ವಿಷಯ ಹುಟ್ಟಿನಿಂದಲೇ ಅಪರೂಪದ್ದು, ಆ ಅಪರೂಪದ ಪದವನ್ನು ಬಾಯಿಬಿಟ್ಟು ಹೇಳಬೇಕು ಅಷ್ಟೆ.

ಇಷ್ಟರವರೆಗೆ ಎಲ್ಲ ಭಾಷೆಗೂ ಸಲ್ಲುವ ಮಾತು. ಕನ್ನಡದ ತೊಡಕು ಶುರುವಾಗುವುದು ಅಕ್ಷರದಿಂದಲೇ.

ಈ ಎರಡು ಪದಗಳನ್ನು ನೋಡಿ: ಬೆಂಗಳೂರು, ಬೆ೦ಗಳೂರು. ಕಣ್ಣಿಗೆ ಎರಡೂ ಒಂದೇ. ಮೊದಲನೆಯದರಲ್ಲಿ ಇರುವುದು ಅನುಸ್ವಾರ. ಎರಡನೆಯದರಲ್ಲಿ ಇರುವುದು ಕನ್ನಡ ಅಂಕಿ ಸೊನ್ನೆ. ಬೆರಳಚ್ಚಿನ ಅಭ್ಯಾಸದಿಂದಲೋ ಕೀಲಿಮಣೆಯಲ್ಲಿ ಬೇಗ ಸಿಕ್ಕಿತೆಂದೋ ಎಷ್ಟೋ ಜನ ಸೊನ್ನೆಯನ್ನೇ ಒತ್ತುತ್ತಾರೆ. ಇದೇ ಬಗೆಯ ಇನ್ನೊಂದು ತಪ್ಪು ಅರ್ಕಾವತ್ತಿನದು. "ಕರ್ನಾಟಕ" ಎಂದು ಬರೆಯುವಾಗ ಅರ್ಕಾವತ್ತು ಮೂಡದಿದ್ದರೆ ಅಂಕಿ ಒಂಬತ್ತನ್ನು ತಂದು "ಕನಾ೯ಟಕ" ಎಂದು ಕೂಡಿಸುತ್ತಾರೆ. ಓದುವ ಕಣ್ಣು ಕ್ಷಮಿಸುತ್ತದೆ. ಯಂತ್ರದ ಪಾಲಿಗೆ ಅದು ಕನಾ, ಒಂಬತ್ತು, ಟಕ. ದೊಡ್ಡ ಹುಡುಕುಯಂತ್ರಗಳು ಕೆಲವೊಮ್ಮೆ ಇಂಥ ತಪ್ಪನ್ನು ಊಹಿಸಿ ಸರಿಪಡಿಸಿಕೊಳ್ಳಬಹುದು. ಆದರೆ ಎಷ್ಟೋ ಜಾಲತಾಣಗಳ ಒಳಗಿನ ಹುಡುಕಾಟಕ್ಕೆ, ಗ್ರಂಥಾಲಯದ ಸೂಚಿಗೆ ಆ ಊಹೆಯ ಶಕ್ತಿ ಇಲ್ಲ. ಅಕ್ಷರ ಕೂಡಿದರೆ ಸಿಕ್ಕಿತು, ಇಲ್ಲವಾದರೆ ಇಲ್ಲ.

ಕಾಣದೇ ಇರುವ ಅಕ್ಷರವೂ ಒಂದಿದೆ. ರಾಜ್‌ಕುಮಾರ್ ಎಂದು ಬಿಡಿಸಿ ಬರೆಯಲು ಜ್ ಮತ್ತು ಕು ನಡುವೆ ಅಗಲವೇ ಇಲ್ಲದ, ಕಣ್ಣಿಗೆ ಬೀಳದ ಒಂದು ಗುರುತನ್ನು ಇಡಬೇಕಾಗುತ್ತದೆ. ಅದಿಲ್ಲದಿದ್ದರೆ ಕ ಅಕ್ಷರ ಒತ್ತಾಗಿ ಕೆಳಗಿಳಿದು ರಾಜ್ಕುಮಾರ್ ಆಗುತ್ತದೆ. ಫೇಸ್‌ಬುಕ್ ಮತ್ತು ಫೇಸ್ಬುಕ್ ಕಥೆಯೂ ಅಷ್ಟೆ. ಒಬ್ಬರು ಹೀಗೆ ಬರೆಯುತ್ತಾರೆ, ಇನ್ನೊಬ್ಬರು ಹಾಗೆ ಹುಡುಕುತ್ತಾರೆ. ಮುಖ್ಯವಾದ ಹೆಸರಾದರೆ ಎರಡೂ ರೂಪ ಪುಟದಲ್ಲಿ ಒಂದೊಂದು ಸಲವಾದರೂ ಇರುವುದು ಲೇಸು.

ಇವೆಲ್ಲಕ್ಕಿಂತ ದೊಡ್ಡ ನಷ್ಟ ಹಳೆಯ ಫಾಂಟುಗಳಿಂದ ಆಗಿದೆ, ಆಗುತ್ತಲೂ ಇದೆ. ಯೂನಿಕೋಡ್‌ನ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಅದರಲ್ಲಿ ಕನ್ನಡಕ್ಕೆ ಜಾಗವಿತ್ತು. ಆದರೆ ನಮ್ಮ ಕಚೇರಿಗಳಲ್ಲಿ, ಅಚ್ಚುಕೂಟಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ದಶಕಗಳ ಕಾಲ ಟೈಪಾದ ಕನ್ನಡದ ಬಹುಭಾಗ ಯೂನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ ಫಾಂಟುಗಳಲ್ಲಿ ಅದು ಉಳಿದಿದೆ. ಹಳೆಯ ನುಡಿ ಫಾಂಟಿನಲ್ಲಿ "ಕನ್ನಡ" ಎಂದು ಟೈಪ್ ಮಾಡಿದ ಕಡತವನ್ನು ಫಾಂಟ್ ಬದಲಿಸಿ ನೋಡಿದರೆ ಒಳಗಿರುವುದು ಬಯಲಾಗುತ್ತದೆ. ದೊಡ್ಡ ಪಿ, ತಲೆಯ ಮೇಲೆ ಗೀಟಿರುವ ಎ, ಬ್ರಿಟನ್ನಿನ ಪೌಂಡ್ ಗುರುತು, ಮತ್ತೆ ಅದೇ ಎ, ಒತ್ತಕ್ಷರದ ಜಾಗದಲ್ಲಿ ಜರ್ಮನ್ ಭಾಷೆಯ ಜೋಡಿ ಎಸ್, ಸಣ್ಣ ಕ್ಯೂ, ಕೊನೆಗೆ ಇನ್ನೊಂದು ಎ. ಇವು ಏಳು ಗುರುತುಗಳು, ಅವುಗಳಲ್ಲಿ ಒಂದೂ ಕನ್ನಡದ್ದಲ್ಲ. ಯೂನಿಕೋಡ್‌ನಲ್ಲಿ ಅದೇ ಪದಕ್ಕೆ ಕ, ನ, ವಿರಾಮ, ನ, ಡ ಎಂಬ ಐದು ಸಂಕೇತ ಸಾಕು.

ಹೀಗಾಗಿ ಅಂಥ ಪಿಡಿಎಫ್ ಕಡತ ಅಂತರಜಾಲದಲ್ಲಿ ಎಲ್ಲರಿಗೂ ತೆರೆದಿದ್ದರೂ ಕನ್ನಡದಲ್ಲಿ ಹುಡುಕಿದವರಿಗೆ ಇಲ್ಲದಂತೆಯೇ. ಸುತ್ತೋಲೆಗಳು, ಸಂಘಗಳ ಸ್ಮರಣ ಸಂಚಿಕೆಗಳು, ಅಭಿನಂದನ ಗ್ರಂಥಗಳು, ಚಾಮರಾಜಪೇಟೆಯ ಅಚ್ಚುಕೂಟಗಳಲ್ಲಿ ಪುಟ ಕಟ್ಟಿದ ಪುಸ್ತಕಗಳು, ಎಷ್ಟೆಷ್ಟೋ ಈ ಬಗೆಯ ಕತ್ತಲಲ್ಲಿವೆ. ನುಡಿ, ಬರಹ ತಂತ್ರಾಂಶಗಳು ಈಗ ಯೂನಿಕೋಡ್‌ನಲ್ಲಿ ಬರೆಯಲು ಬಿಡುತ್ತವೆ, ಹಳೆಯದನ್ನು ಪರಿವರ್ತಿಸುವ ಉಚಿತ ಸಾಧನಗಳೂ ಇವೆ. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತು ಕೆಲವೊಮ್ಮೆ ಕೆಡುತ್ತವೆ. ಕೂತು ತಿದ್ದಬೇಕು. ಆ ಬೇಸರದ ಕೆಲಸ ಆಗದ ಹೊರತು ಕೀವರ್ಡ್ ಬಗ್ಗೆ ಮಾತಾಡಿ ಫಲವಿಲ್ಲ.

ಇದೇ ಕೆಲಸದ ಒಂದು ಒಳ್ಳೆಯ ಮಾದರಿ ನಮ್ಮ ನಡುವೆಯೇ ಇದೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸಾವಿರಾರು ಕನ್ನಡ ಪುಸ್ತಕಗಳು ಸ್ಕ್ಯಾನ್ ಆಗಿದ್ದವು. ಆದರೆ ಅವುಗಳ ಹೆಸರು ರೋಮನ್ ಲಿಪಿಯಲ್ಲಿ, ಒಂದೊಂದು ಒಂದೊಂದು ಕಾಗುಣಿತದಲ್ಲಿ, ಎಷ್ಟೋ ಕಡೆ ಗುರುತು ಸಿಗದಷ್ಟು ತಪ್ಪಾಗಿ ದಾಖಲಾಗಿದ್ದವು. ಪುಸ್ತಕ ಇದ್ದೂ ಸಿಗುತ್ತಿರಲಿಲ್ಲ. ಸಂಚಯ ಎಂಬ ಸ್ವಯಂಸೇವಕರ ತಂಡ ಆ ಶೀರ್ಷಿಕೆಗಳನ್ನು ಹಲವರ ಕೈಯಿಂದ ಕನ್ನಡ ಲಿಪಿಗೆ ತಿರುಗಿಸಿ ಪುಸ್ತಕ ಸಂಚಯ ಎಂಬ ಹುಡುಕುತಾಣವನ್ನು ಕಟ್ಟಿತು. ಪುಸ್ತಕದ ಒಂದು ಹಾಳೆಯನ್ನೂ ಅವರು ಬದಲಿಸಲಿಲ್ಲ. ಹೆಸರನ್ನು ಓದುಗರು ಬರೆಯುವ ಹಾಗೆ ಬರೆದರು. ಅವರದೇ ವಚನ ಸಂಚಯದಲ್ಲಿ ಒಂದು ಪದ ಕೊಟ್ಟರೆ ಅದು ಯಾವ ವಚನಕಾರರ ಯಾವ ವಚನದಲ್ಲಿ ಬಂದಿದೆ ಎಂಬುದು ಕ್ಷಣದಲ್ಲಿ ಕಾಣುತ್ತದೆ. ವಿದ್ವಾಂಸರು ವರ್ಷಗಟ್ಟಲೆ ಚೀಟಿ ಬರೆದು ಮಾಡುತ್ತಿದ್ದ ಕೆಲಸವದು.

ಚೀಟಿ ಎಂದಾಗ ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತನ್ನು ನೆನೆಯದೆ ಮುಂದೆ ಹೋಗಲಾಗದು. 1915ರಲ್ಲಿ ಹುಟ್ಟಿದ ಪರಿಷತ್ತು ಕನ್ನಡ-ಕನ್ನಡ ನಿಘಂಟಿನ ಎಂಟು ಸಂಪುಟಗಳನ್ನು 1970ರಿಂದ 1995ರವರೆಗೆ ಹೊರತಂದಿತು. ಪ್ರಧಾನ ಸಂಪಾದಕರಾಗಿ ಅದರ ಬಹುಪಾಲು ಹೊರೆ ಹೊತ್ತವರು ಜಿ. ವೆಂಕಟಸುಬ್ಬಯ್ಯನವರು. ಶಾಸನ, ಕಾವ್ಯಗಳಿಂದ ಹೆಕ್ಕಿದ ಪ್ರಯೋಗಗಳನ್ನು ಚೀಟಿಗಳಲ್ಲಿ ಬರೆದು, ಅಕಾರಾದಿಯಲ್ಲಿ ಜೋಡಿಸಿ, ಮೂಲಪದ ಯಾವುದು ಎಂದು ನಿರ್ಧರಿಸಿ ಕಟ್ಟಿದ ಗ್ರಂಥ ಅದು. "ಬಂದಳು" ಎಂಬುದನ್ನು ನಿಘಂಟಿನಲ್ಲಿ ಹುಡುಕುವವರು "ಬರು" ಎಂಬಲ್ಲಿಗೆ ಹೋಗಬೇಕು ಎಂಬುದು ಕನ್ನಡ ಬಲ್ಲವರಿಗೆ ಗೊತ್ತು. ಯಂತ್ರಕ್ಕೆ ಅದನ್ನು ಕಲಿಸಬೇಕಾಯಿತು. ಗೂಗಲ್ 2019ರಲ್ಲಿ ಅಳವಡಿಸಿಕೊಂಡ ಬರ್ಟ್‌ನಂಥ ಭಾಷಾ ಮಾದರಿಗಳು ಬಂದಮೇಲೆ ಯಂತ್ರಗಳು ಪದವನ್ನು ತುಂಡುಮಾಡಿ, ಸುತ್ತಲಿನ ಮಾತು ನೋಡಿ ಅರ್ಥ ಹಿಡಿಯಲು ಯತ್ನಿಸುತ್ತವೆ. ಆದರೂ ಬರೆಯುವವರು ಒಂದು ಉಪಕಾರ ಮಾಡಬಹುದು.

ಕನ್ನಡದಲ್ಲಿ ವಿಭಕ್ತಿ ಪದಕ್ಕೇ ಅಂಟಿಕೊಳ್ಳುತ್ತದೆ. ಬಸವನಗುಡಿ, ಬಸವನಗುಡಿಯ, ಬಸವನಗುಡಿಯಲ್ಲಿ ಎಂಬ ಮೂರರಲ್ಲೂ ಮೂಲರೂಪ ಇಡಿಯಾಗಿ ಉಳಿದಿದೆ. ಆದರೆ "ಬೆಂಗಳೂರು" ಎಂಬುದು "ಬೆಂಗಳೂರಿನಲ್ಲಿ" ಆದಾಗ ಕೊನೆಯ ಉಕಾರ ಮಾಯವಾಗುತ್ತದೆ. "ಮಲ್ಲೇಶ್ವರಂ" ಎಂಬುದು "ಮಲ್ಲೇಶ್ವರದ" ಆದಾಗ ಅನುಸ್ವಾರ ಹೋಗುತ್ತದೆ. ಇಡೀ ಬರಹದಲ್ಲಿ ಬರೀ "ಬೆಂಗಳೂರಿನ, ಬೆಂಗಳೂರಿಗೆ, ಬೆಂಗಳೂರಿನಿಂದ" ಎಂದಷ್ಟೇ ಇದ್ದರೆ "ಬೆಂಗಳೂರು" ಎಂಬ ಅಕ್ಷರಸಾಲು ಆ ಪುಟದಲ್ಲಿ ಇಲ್ಲವೇ ಇಲ್ಲ. ಶೀರ್ಷಿಕೆಯಲ್ಲೋ ಮೊದಲ ಪ್ಯಾರಾದಲ್ಲೋ ಪ್ರಥಮಾ ವಿಭಕ್ತಿಯ ರೂಪವೊಂದನ್ನು ಸಹಜವಾಗಿ ತಂದಿಟ್ಟರೆ ಸಾಕು. ಇದಕ್ಕೆ ಹಣ ಬೇಡ, ತಂತ್ರಜ್ಞರೂ ಬೇಡ.

ಇನ್ನು ಹೆಸರುಗಳ ಗೊಂದಲ. ಬೆಂಗಳೂರೂ ಸೇರಿ ರಾಜ್ಯದ 12 ನಗರಗಳ ಹೆಸರು ಇಂಗ್ಲಿಷಿನಲ್ಲೂ ಕನ್ನಡದ ಉಚ್ಚಾರಕ್ಕೆ ತಿರುಗಿದ್ದು 2014ರ ನವೆಂಬರ್ 1ರಂದು. ಹಳೆಯ ಬ್ಯಾಂಗಲೋರ್ ಎಂದೇ ಹುಡುಕುವವರು ಈಗಲೂ ಇದ್ದಾರೆ. ಮಲ್ಲೇಶ್ವರವನ್ನು ರೋಮನ್ ಲಿಪಿಯಲ್ಲಿ ಬರೆಯುವಾಗ ಒಬ್ಬರು ಎಸ್ ಹಾಕುತ್ತಾರೆ, ಒಬ್ಬರು ಎಸ್ ಜೊತೆಗೆ ಎಚ್ ಸೇರಿಸುತ್ತಾರೆ. ದೊಡ್ಡ ಬಸವಣ್ಣನ ಗುಡಿಯನ್ನು ಅಂಚೆ ವಿಳಾಸದವರು ಬುಲ್ ಟೆಂಪಲ್ ಎನ್ನುತ್ತಾರೆ. ಮಲ್ಲೇಶ್ವರದ ಹೆಸರಾಂತ ಹೋಟೆಲಿನ ಬೋರ್ಡಿನಲ್ಲಿ ಶ್ರೀ ಸಾಗರ್ ಎಂದಿದೆ, ಬೆಣ್ಣೆ ಮಸಾಲೆಗೆ ಸಾಲು ನಿಲ್ಲುವವರ ಬಾಯಲ್ಲಿ ಮಾತ್ರ ಅದು ಇವತ್ತಿಗೂ ಸಿಟಿಆರ್. ದೋಸೆಯನ್ನೇ ತೆಗೆದುಕೊಳ್ಳಿ. ಕನ್ನಡದ ಉಚ್ಚಾರಕ್ಕೆ ತಕ್ಕಂತೆ ಇಂಗ್ಲಿಷಿನಲ್ಲಿ ಬರೆದರೆ ಔಷಧಿಯ ಡೋಸ್ ಆಗಿಬಿಡುತ್ತದೆ. ಹಾಗಾಗಿ ದೋಸೆ ಎನ್ನುವವರೂ ಟೈಪ್ ಮಾಡುವಾಗ ದೋಸಾ ಎಂದೇ ಬರೆಯುತ್ತಾರೆ. 1943ರಿಂದ ಗಾಂಧಿ ಬಜಾರಿನಲ್ಲಿರುವ ವಿದ್ಯಾರ್ಥಿ ಭವನದ ಬಗ್ಗೆ ಬರೆಯುವವರು ಇದನ್ನು ತಿಳಿದಿರಬೇಕು.

ಸೀಮೆಯಿಂದ ಸೀಮೆಗೆ ಪದವೇ ಬದಲಾಗುವುದೂ ಉಂಟು. ಬಸವನಗುಡಿಯ ಕಡಲೆಕಾಯಿ ಧಾರವಾಡದಲ್ಲಿ ಶೇಂಗಾ, ಮಂಗಳೂರಿನ ಕಡೆ ನೆಲಗಡಲೆ. ಹುಬ್ಬಳ್ಳಿಯಿಂದ ಬಂದು ಹನುಮಂತನಗರದಲ್ಲಿ ಮನೆ ಮಾಡಿದವರು "ಬೆಂಗಳೂರು ಶೇಂಗಾ ಜಾತ್ರೆ" ಎಂದು ಹುಡುಕಿದರೆ ಅದರಲ್ಲಿ ತಪ್ಪೇನಿದೆ? ಬರಹದಲ್ಲಿ ಎಲ್ಲೋ ಒಂದು ಕಡೆ "ಉತ್ತರ ಕರ್ನಾಟಕದವರು ಶೇಂಗಾ ಎನ್ನುವ ಈ ಕಾಯಿ" ಎಂಬ ಒಂದು ಮಾತು ಬಂದರೆ ಅವರಿಗೂ ದಾರಿ ತೆರೆಯಿತು. ಬರಹದ ಸೊಗಸೂ ಹೆಚ್ಚಿತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟಿನಿಂದ ಹಿಡಿದು ಇಂದಿನವರೆಗೆ ನಮ್ಮ ಕೋಶಕಾರರು ಇಂಥ ಪರ್ಯಾಯಗಳನ್ನು ಕೂಡಿಹಾಕಿದ್ದಾರೆ. ಹುಡುಕುಪದ ಬೇಕಾದವರಿಗೆ ನಿಘಂಟೇ ಮೊದಲ ಸಾಧನ, ಗೂಗಲ್ ಟ್ರೆಂಡ್ಸ್ ಎರಡನೆಯದು. ಟ್ರೆಂಡ್ಸ್‌ನಲ್ಲಿ ಎರಡು ಪದಗಳನ್ನು ಪಕ್ಕಪಕ್ಕ ಇಟ್ಟು ಜನ ಯಾವುದನ್ನು ಹೆಚ್ಚು ಹುಡುಕುತ್ತಾರೆ ಎಂದು ಹೋಲಿಸಬಹುದು. ಅದು ಉಚಿತ. ಸ್ವಂತ ತಾಣವಿದ್ದವರಿಗೆ ಸರ್ಚ್ ಕನ್ಸೋಲ್ ಎಂಬ ಇನ್ನೊಂದು ಉಚಿತ ಸೌಲಭ್ಯವಿದೆ. ಯಾವ ಮಾತು ಬರೆದು ಹುಡುಕಿದಾಗ ತಮ್ಮ ಪುಟ ಕಾಣಿಸಿತು ಎಂಬುದನ್ನು ಅದು ತೋರಿಸುತ್ತದೆ. ತಿಂಗಳಿಗೊಮ್ಮೆ ಅದನ್ನು ನೋಡಿದರೆ ಓದುಗರು ಆಡುವ ಭಾಷೆ ಪರಿಚಯವಾಗುತ್ತದೆ.

ಹಾಗೆಂದು ಎಲ್ಲ ರೂಪಗಳನ್ನೂ ತಂದು ಸುರಿಯಬಾರದು. ಒಂದು ಕಾಲದಲ್ಲಿ ಆ ಚಾಳಿ ಜೋರಾಗಿತ್ತು. ಪುಟದ ಹಿಂದಿನ ಸಂಕೇತದಲ್ಲಿ ಕೀವರ್ಡ್‌ಗಳಿಗೆಂದೇ ಒಂದು ಜಾಗವಿತ್ತು, ಅಲ್ಲಿ ನೂರಾರು ಪದ ತುರುಕುತ್ತಿದ್ದರು. ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ಒಂದೇ ಪದವನ್ನು ಸಾಲುಸಾಲಾಗಿ ಬರೆದು ಅಡಗಿಸುತ್ತಿದ್ದರು. ಆ ಸಂಕೇತದ ಜಾಗವನ್ನು ತಾನು ಶ್ರೇಯಾಂಕಕ್ಕೆ ಲೆಕ್ಕಿಸುವುದಿಲ್ಲ ಎಂದು ಗೂಗಲ್ 2009ರ ಸೆಪ್ಟೆಂಬರಿನಲ್ಲಿ ಬಹಿರಂಗವಾಗಿ ಹೇಳಿತು. ಅದಕ್ಕೂ ಮೊದಲು, 2006ರ ಫೆಬ್ರುವರಿಯಲ್ಲಿ, ಬಿಎಂಡಬ್ಲ್ಯು ಕಾರು ಕಂಪನಿಯ ಜರ್ಮನ್ ತಾಣವನ್ನೇ ಗೂಗಲ್ ತನ್ನ ಸೂಚಿಯಿಂದ ಹೊರಹಾಕಿತ್ತು. ಯಂತ್ರಕ್ಕೆ ತೋರಿಸಲು ಪದಗಳನ್ನು ತುಂಬಿದ ಬೇರೆ ಪುಟ, ಮನುಷ್ಯರಿಗೆ ಬೇರೆ ಪುಟ ಇಟ್ಟಿದ್ದೇ ಕಾರಣ. ಕಂಪನಿ ಆ ಪುಟಗಳನ್ನು ತೆಗೆದ ಮೇಲೆ ತಾಣ ಮರಳಿತು. 2011ರಲ್ಲಿ ಪಾಂಡಾ, 2012ರಲ್ಲಿ ಪೆಂಗ್ವಿನ್ ಎಂಬ ಹೆಸರಿನ ಮಾರ್ಪಾಡುಗಳು ಬಂದ ನಂತರ ಜೊಳ್ಳು ಪುಟಗಳ, ಕೃತಕ ಕೊಂಡಿಗಳ ಬಲ ಇನ್ನಷ್ಟು ಕುಗ್ಗಿತು. ಇಷ್ಟು ಪ್ಯಾರಾಕ್ಕೆ ಇಷ್ಟು ಸಲ ಕೀವರ್ಡ್ ಇರಬೇಕು ಎಂದು ಶೇಕಡಾ ಲೆಕ್ಕ ಹೇಳುವವರು ಇನ್ನೂ ಸಿಗುತ್ತಾರೆ. ಅವರ ಮಾತಿಗೆ ಕಿವಿಗೊಡಬೇಕಿಲ್ಲ.

ಗೂಗಲ್ ನಕ್ಷೆಯಲ್ಲಿ ಅಂಗಡಿ ದಾಖಲಿಸುವವರೂ ಇದೇ ತಪ್ಪು ಮಾಡುತ್ತಾರೆ. ಅಂಗಡಿಯ ಹೆಸರಿನ ಬಾಲಕ್ಕೆ "ಬೆಸ್ಟ್ ಹಪ್ಪಳ ಸಂಡಿಗೆ ಬಸವನಗುಡಿ ಬೆಂಗಳೂರು" ಎಂದು ಸೇರಿಸುವುದು ಗೂಗಲ್ ನಿಯಮಕ್ಕೆ ವಿರುದ್ಧ. ಬೋರ್ಡಿನಲ್ಲಿ ಇರುವ ಹೆಸರೇ ಅಲ್ಲಿರಬೇಕು. ಏನು ಮಾರುತ್ತಾರೆ, ಎಷ್ಟು ಹೊತ್ತಿಗೆ ಬಾಗಿಲು ತೆರೆಯುತ್ತಾರೆ ಎಂಬುದಕ್ಕೆಲ್ಲ ಬೇರೆ ಜಾಗಗಳಿವೆ.

ಗಾಂಧಿ ಬಜಾರಿನ ಅಂಥದೊಂದು ಅಂಗಡಿಯನ್ನೇ ಕಲ್ಪಿಸಿಕೊಳ್ಳೋಣ. ತಾಯಿ ಹಪ್ಪಳ ಒತ್ತುತ್ತಾರೆ, ಮಗಳು ತಾಣ ನೋಡಿಕೊಳ್ಳುತ್ತಾಳೆ. ತಾಣ ತೆರೆದರೆ ಬಣ್ಣಬಣ್ಣದ ಒಂದು ಪೋಸ್ಟರ್. ಅಂಗಡಿಯ ಹೆಸರು, ಬೆಲೆ, ವಿಳಾಸ ಎಲ್ಲ ಚಿತ್ರದೊಳಗೇ ಇದೆ, ವಾಟ್ಸ್‌ಆ್ಯಪ್‌ಗೆ ಮಾಡಿದ್ದನ್ನೇ ಇಲ್ಲೂ ಹಾಕಿದ್ದಾರೆ. ಚಿತ್ರದ ಕೆಳಗೆ ಒಂದೇ ಸಾಲು: "ನಮ್ಮ ರುಚಿ, ನಿಮ್ಮ ಖುಷಿ". ಯಂತ್ರಕ್ಕೆ ಅಲ್ಲಿ ಹಿಡಿಯಲು ಸಿಗುವುದು ರುಚಿ ಮತ್ತು ಖುಷಿ ಎರಡೇ. ಮಗಳು ಒಂದು ಸಂಜೆ ಕುಳಿತು ಅದನ್ನು ಬದಲಿಸುತ್ತಾಳೆ. ಶೀರ್ಷಿಕೆ "ಬಸವನಗುಡಿ ಗಾಂಧಿ ಬಜಾರ್: ಮನೆಯಲ್ಲಿ ಮಾಡಿದ ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ". ಕೆಳಗೆ ಒಂದೊಂದು ತಿನಿಸಿಗೂ ಒಂದೊಂದು ಸಣ್ಣ ಪ್ಯಾರಾ: ಅಕ್ಕಿ ಹಪ್ಪಳ, ಹಲಸಿನ ಹಪ್ಪಳ, ಅರಳು ಸಂಡಿಗೆ, ಬೂದುಗುಂಬಳದ ಸಂಡಿಗೆ. ಯಾವುದರಲ್ಲಿ ಈರುಳ್ಳಿ ಇಲ್ಲ, ಯಾವುದು ಬೇಸಿಗೆಯಲ್ಲಿ ಮಾತ್ರ ಸಿಗುತ್ತದೆ, ಅಮೆರಿಕಕ್ಕೆ ಒಯ್ಯುವವರಿಗೆ ಹೇಗೆ ಕಟ್ಟಿಕೊಡುತ್ತಾರೆ. ಪ್ರತಿ ಚಿತ್ರಕ್ಕೂ ಅದು ಏನೆಂದು ಹೇಳುವ ಒಂದು ಸಾಲಿನ ವಿವರ. ಕೌಂಟರಿನಲ್ಲಿ ಗಿರಾಕಿಗಳು ತಾಯಿಗೆ ದಿನವೂ ಕೇಳುವ ಪ್ರಶ್ನೆಗಳೇ ಅವು. ಮಗಳು ಅವುಗಳನ್ನು ಹೊಸದಾಗಿ ಹುಟ್ಟಿಸಲಿಲ್ಲ, ಕೇಳಿಸಿಕೊಂಡು ಬರೆದಳು. ಹಲಸಿನ ಹಪ್ಪಳಕ್ಕಾಗಿ ಹುಡುಕುವ ಮೈಸೂರಿನವರಿಗೂ ನ್ಯೂಜೆರ್ಸಿಯವರಿಗೂ ಈಗ ಆ ಪುಟ ಸಿಗುವ ದಾರಿ ಉಂಟು.

ಪತ್ರಿಕೆಗಳ ಪುರವಣಿಯಲ್ಲಿ ಬರೆಯುವವರಿಗೆ ಇಲ್ಲೊಂದು ಸಂಕಟವಿದೆ. ಕನ್ನಡದ ಶೀರ್ಷಿಕೆಗೆ ಶ್ಲೇಷೆ, ಪ್ರಾಸ, ಒಗಟಿನ ಸೊಗಸು ರಕ್ತಗತ. ಅದನ್ನು ಬಿಟ್ಟು "ಕಡಲೆಕಾಯಿ ಪರಿಷೆ: ದಿನಾಂಕ, ಸ್ಥಳ, ಇತಿಹಾಸ" ಎಂದು ಬರೆಯಲು ಮನಸ್ಸು ಒಪ್ಪದು, ಒಪ್ಪಬೇಕಾಗಿಯೂ ಇಲ್ಲ. ಅಚ್ಚಿನಲ್ಲಿ "ಬಡವರ ಬಾದಾಮಿಯ ಸಂಭ್ರಮ" ಇರಲಿ. ಜಾಲದ ಆವೃತ್ತಿಯಲ್ಲಿ ಅದರ ಪಕ್ಕಕ್ಕೆ "ಬಸವನಗುಡಿ ಕಡಲೆಕಾಯಿ ಪರಿಷೆ" ಎಂದು ಸೇರಲಿ. ಅಚ್ಚಿನ ಪುಟ ಓದುಗರ ಕೈಗೆ ತಾನಾಗಿ ಬರುತ್ತದೆ, ಜಾಲದ ಪುಟವನ್ನು ಓದುಗರೇ ಹುಡುಕಿಕೊಂಡು ಬರಬೇಕು. ಎರಡಕ್ಕೂ ಒಂದೇ ತಲೆಬರಹ ಸಾಲದು.

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಬಗ್ಗೆ ಕನ್ನಡದಲ್ಲಿ ಆಗಿರುವ ಬರವಣಿಗೆ ಕಡಿಮೆಯದಲ್ಲ. ಪ್ಲೇಗಿನ ದಿನಗಳು, ಅಗ್ರಹಾರದ ಮನೆಗಳು, ರಾಮನವಮಿಯ ಸಂಗೀತ, ಶಾಲೆಗಳ ಸುವರ್ಣ ಮಹೋತ್ಸವ, ಎಲ್ಲದರ ಮೇಲೂ ಯಾರೋ ಎಲ್ಲೋ ಬರೆದಿದ್ದಾರೆ. ಅದರಲ್ಲಿ ಬಹಳಷ್ಟು ಹಳೆಯ ಫಾಂಟಿನ ಕಡತವಾಗಿ ಯಾವುದೋ ಮನೆಯ ಕಂಪ್ಯೂಟರಿನಲ್ಲಿ, ಸಂಘದ ಬೀರುವಿನ ಸಿಡಿಯಲ್ಲಿ ಕುಳಿತಿದೆ. ಅಂಥದು ನಿಮ್ಮ ಮನೆಯಲ್ಲಿದ್ದರೆ ಹೊರತೆಗೆಯಿರಿ. ಯೂನಿಕೋಡ್‌ಗೆ ತಿರುಗಿಸಿ, ಸೊನ್ನೆಯನ್ನು ಅನುಸ್ವಾರವಾಗಿಯೂ ಒಂಬತ್ತನ್ನು ಅರ್ಕಾವತ್ತಾಗಿಯೂ ತಿದ್ದಿ, ಶೀರ್ಷಿಕೆಯಲ್ಲಿ ಬಡಾವಣೆಯ ಹೆಸರು, ವಿಷಯ, ಇಸವಿ ಬರೆದು ಜಾಲಕ್ಕೆ ಏರಿಸಿ. ಬರುವ ಕಾರ್ತಿಕದಲ್ಲಿ ಪರಿಷೆಯ ಬಗ್ಗೆ ಬರೆಯುವವರಿದ್ದರೆ ಅದನ್ನು ಕಡಲೆಕಾಯಿ ಪರಿಷೆ ಎಂದೇ ಕರೆಯಿರಿ. ದಿನಾಂಕವನ್ನು ಚಿತ್ರದ ಹೊರಗೆ, ಅಕ್ಷರದಲ್ಲಿ ಬರೆಯಿರಿ.